ಅಲೈನರ್ ಮುಗಿಯಿತು, ಈಗ ರಿಟೇನರ್: ಎಷ್ಟು ವರ್ಷ ಹಾಕಬೇಕು? ಒಡೆದರೆ ಕಲಬುರಗಿಯಲ್ಲೇ ಮಾಡಿಸಬಹುದಾ?

ಸೇಡಂ ರೋಡ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲೇ ಒಬ್ಬ ಆರ್ಥೊಡಾಂಟಿಸ್ಟ್ (ಹಲ್ಲು ಸಾಲಿಗೆ ತರುವ ತಜ್ಞರು) ಹತ್ತಿರ ಕ್ಲಿಯರ್ ಅಲೈನರ್ ಹಾಕಿಸಿಕೊಂಡೆ. ಒಂದಾದ ಮೇಲೊಂದು ಬದಲಿಸುತ್ತಾ ಹಲ್ಲನ್ನು ನಿಧಾನಕ್ಕೆ ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚಗಳು ಅವು. ಮೇಲಿನ ಮುಂದಿನ ಎರಡು ಹಲ್ಲು ತಿರುಗಿ ಒಂದರ ಮೇಲೊಂದು ಏರಿದ್ದವು. ಕೆಳಗೆ ತುಂಬಾ ಇಕ್ಕಟ್ಟು. ಈಗ ಎಲ್ಲ ಸಾಲಾಗಿ ಬಂದಿವೆ, ನಗುವಾಗ ಕೈ ಅಡ್ಡ ಹಿಡಿಯುವುದು ತಪ್ಪಿದೆ. ಅಲೈನರ್ ಹಿಡಿದುಕೊಳ್ಳಲು ಹಲ್ಲಿನ ಮೇಲೆ ಅಂಟಿಸಿದ್ದ ಸಣ್ಣ ಉಬ್ಬುಗಳನ್ನೂ ತೆಗೆದು ಪಾಲಿಶ್ ಮಾಡಿ, ಸರಿಯಾದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು ಮೇಲೊಂದು ಕೆಳಗೊಂದು ಪಾರದರ್ಶಕ ರಿಟೇನರ್ ಕೊಟ್ಟರು.

ಈಗ ನಾನು ಕಲಬುರಗಿಗೆ ವಾಪಸ್ ಬಂದಿದ್ದೇನೆ, ಇಲ್ಲೇ ಕೆಲಸ. ಮೇಲಿನ ರಿಟೇನರ್ ಹಿಂದಿನ ದವಡೆ ಹಲ್ಲಿನ ಹತ್ತಿರ ಕೂದಲೆಳೆಯಷ್ಟು ಸೀಳಿದೆ. ಇನ್ನೂ ಹಾಕಿಕೊಳ್ಳಬಹುದು, ಆದರೆ ನಾಲಿಗೆಗೆ ಚುಚ್ಚುತ್ತದೆ. ಹೊಸದಕ್ಕೆ ಹೈದರಾಬಾದಿಗೇ ಹೋಗಬೇಕಾ, ಇಲ್ಲಿ ಮಾಡಿಕೊಡುತ್ತಾರಾ? ಇನ್ನೊಂದು ವಿಷಯ. ಡಾಕ್ಟರ್ ಮೊದಲು ಹಗಲು ರಾತ್ರಿ, ಆಮೇಲೆ ರಾತ್ರಿ ಮಾತ್ರ ಅಂದರು. ಎಷ್ಟು ವರ್ಷ ಅಂತ ಕೇಳಿದ್ದಕ್ಕೆ ಹಲ್ಲು ನೇರ ಇರಬೇಕು ಅನಿಸುವವರೆಗೆ ಅಂದುಬಿಟ್ಟರು. ಅಮ್ಮನಿಗೆ ಇದು ಅರ್ಥವೇ ಆಗುತ್ತಿಲ್ಲ. "ಹಲ್ಲು ಸರಿ ಆಯ್ತಲ್ಲ, ಇನ್ನ್ಯಾಕೆ ಬಾಯಾಗ ಪ್ಲಾಸ್ಟಿಕ್" ಅಂತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಆಳಂದ ಮೇಷ್ಟ್ರು

ತಂಗಿ, ನನ್ನ ಕಥೆ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ತಂತಿ ಕ್ಲಿಪ್ ಹಾಕಿಸಿದ್ದೆ. ಆಗ ಅಲೈನರ್ ಅನ್ನುವುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಮುಗಿದ ಮೇಲೆ ಗುಲಾಬಿ ಬಣ್ಣದ ಪ್ಲೇಟಿಗೆ ಮುಂದೆ ತಂತಿ ಇರುವ ರಿಟೇನರ್ ಕೊಟ್ಟು, ಒಂದು ವರ್ಷ ಹಾಕು ಸಾಕು ಅಂದರು. ಹೇಳಿದಷ್ಟೂ ಹಾಕಿದೆ. ಈಗ ನನಗೆ ನಲವತ್ತು ದಾಟಿದೆ. ಮೇಲಿನ ಹಲ್ಲು ಪರವಾಗಿಲ್ಲ, ಕೆಳಗಿನ ಮುಂದಿನ ನಾಲ್ಕು ಮತ್ತೆ ಒಂದಕ್ಕೊಂದು ಒತ್ತಿಕೊಂಡಿವೆ. ಈಗಿನ ಡಾಕ್ಟರು ನೋಡಿ, ಆ ಕಾಲಕ್ಕೆ ಸಲಹೆಯೇ ಹಾಗಿತ್ತು ಅಂದರು. ನಿಮ್ಮ ಡಾಕ್ಟರ್ ಮೊದಲೇ ನಿಜ ಹೇಳಿದ್ದಾರೆ, ಅದು ಒಳ್ಳೇದೇ.

ಬೀದರ್ ದಂತವೈದ್ಯೆ

ಮೇಷ್ಟ್ರು ಹೇಳಿದ ಗುಲಾಬಿ ಪ್ಲೇಟಿಗೆ ಹಾಲೆ ರಿಟೇನರ್ ಅನ್ನುತ್ತಾರೆ. ನೂರು ವರ್ಷದ ಹಿಂದಿನ ವಿನ್ಯಾಸ, ಇವತ್ತಿಗೂ ಬಳಕೆಯಲ್ಲಿದೆ, ಗಟ್ಟಿಮುಟ್ಟು. ನಾನು ಬೀದರ್‌ನಲ್ಲಿ ಹಲ್ಲಿನ ಡಾಕ್ಟರ್. ಈ ಪ್ರಶ್ನೆ ನನ್ನ ಹತ್ತಿರ ಪದೇ ಪದೇ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಅಮ್ಮನಿಗೂ ಓದಿ ಹೇಳಿ.

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ಸಾವಿರಾರು ಸಣ್ಣ ನಾರುಗಳಿವೆ. ಹೊರಸಿಗೆ ಹೆಣೆದ ನುಲಿಯ ಹಾಗೆ ಅವು ಹಲ್ಲನ್ನು ಮೂಳೆಯ ಗೂಡಿನಲ್ಲಿ ತೂಗಿ ಹಿಡಿದಿರುತ್ತವೆ. ಅಲೈನರ್ ಒಂದು ಕಡೆಯಿಂದ ಒತ್ತಿದಾಗ ಒಂದು ಬದಿಯ ಮೂಳೆ ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸದು ಕಟ್ಟುತ್ತದೆ. ಹಲ್ಲು ಸರಿಯುವುದೇ ಹೀಗೆ. ಕೊನೆಯ ಅಲೈನರ್ ತೆಗೆದ ದಿನ ಹಲ್ಲು ಜಾಗಕ್ಕೆ ಬಂದಿರುತ್ತದೆ, ನಿಜ. ಆದರೆ ಹೊಸ ಮೂಳೆ ಇನ್ನೂ ಬಲಿತಿರುವುದಿಲ್ಲ. ಎಳೆದ ನಾರುಗಳು ಹಳೆಯ ಜಾಗದ ಕಡೆಗೆ ಜಗ್ಗುತ್ತಲೇ ಇರುತ್ತವೆ. ಬೇರಿನ ಸುತ್ತಲಿನ ನಾರು ಹೊಸ ಜಾಗಕ್ಕೆ ಹೊಂದಿಕೊಳ್ಳಲು 3ರಿಂದ 4 ತಿಂಗಳು ಬೇಕು. ಒಸಡಿನ ಒಳಗಿನ ನಾರಿಗೆ 4ರಿಂದ 6 ತಿಂಗಳು. ಹಲ್ಲಿನ ಕತ್ತಿನ ಸುತ್ತ ಇರುವ ಹಿಗ್ಗುವ ನಾರುಗಳಂತೂ ಒಂದು ವರ್ಷ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ನಾರ್ವೆಯ ಕಾರೆ ರೈಟನ್ 1959ರಲ್ಲಿ ನಾಯಿಗಳ ಹಲ್ಲು ತಿರುಗಿಸಿ ನೋಡಿದ್ದರು. 232 ದಿನ ಹಾಗೇ ಹಿಡಿದಿಟ್ಟ ಮೇಲೂ ಹಲ್ಲಿನ ಕತ್ತಿನ ಸುತ್ತಲಿನ ಆ ನಾರುಗಳು ಎಳೆದ ಸ್ಥಿತಿಯಲ್ಲೇ ಇದ್ದವು. ನಿಮ್ಮ ಮುಂದಿನ ಎರಡು ಹಲ್ಲು ತಿರುಗಿದ್ದವು ಅಂದಿರಲ್ಲ, ವಾಪಸ್ ತಿರುಗಲು ಮೊದಲು ನೋಡುವುದು ಅವೇ.

ಮೊದಲು ಹಗಲು ರಾತ್ರಿ ಅನ್ನುವುದು ಈ ಕಾರಣಕ್ಕೆ. ಸಾಮಾನ್ಯವಾಗಿ ಮೊದಲ 3ರಿಂದ 6 ತಿಂಗಳು ಊಟ, ಚಹಾ, ಹಲ್ಲುಜ್ಜುವ ಹೊತ್ತು ಬಿಟ್ಟು ಉಳಿದ ಸಮಯವೆಲ್ಲ ಹಾಕಿಸುತ್ತೇವೆ. ಕೆಲವು ಡಾಕ್ಟರು ಮೊದಲಿನಿಂದಲೇ ರಾತ್ರಿ ಮಾತ್ರ ಅನ್ನುತ್ತಾರೆ, ಅದೂ ತಪ್ಪಲ್ಲ. ಹಲ್ಲು ಮೊದಲು ಹೇಗಿತ್ತು ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ಡಾಕ್ಟರ್ ನಿಮ್ಮ ಹಲ್ಲು ನೋಡಿ ಹೇಳಿದ್ದಾರೆ, ಅವರ ಮಾತೇ ಇಟ್ಟುಕೊಳ್ಳಿ.

ಭೀಮಾ ದಂಡೆ

ಮೇಡಂ, ತಪ್ಪು ತಿಳಿಯಬೇಡಿ. ಒಂದು ವರ್ಷದಲ್ಲಿ ನಾರು ಹೊಂದಿಕೊಂಡರೆ ಆಮೇಲೆ ಯಾಕೆ ಜೀವನಪೂರ್ತಿ? ನನ್ನ ಮಗನಿಗೂ ಇದನ್ನೇ ಹೇಳಿದರು. ಅಲೈನರಿಗೆ ಅಷ್ಟು ದುಡ್ಡು ಕೊಟ್ಟೆವು, ಈಗ ಒಂದೆರಡು ವರ್ಷಕ್ಕೊಮ್ಮೆ ಹೊಸ ರಿಟೇನರ್ ಅಂದರೆ ನಮ್ಮಂಥವರಿಗೆ ಹೊರೆ ಅಲ್ವಾ? ಸುಮ್ನೆ ದುಡ್ಡಿಗಾಗಿ ಹೇಳುತ್ತಾರೇನೋ ಅಂತ ಅನುಮಾನ ಬರುತ್ತದೆ.

ಬೀದರ್ ದಂತವೈದ್ಯೆ

ಅನುಮಾನ ಬರುವುದು ಸಹಜ ಅಣ್ಣ, ಕೇಳಿದ್ದು ಒಳ್ಳೇದಾಯಿತು. ನಾರು ಹೊಂದಿಕೊಳ್ಳುವುದು ಅರ್ಧ ವಿಷಯ. ಇನ್ನರ್ಧ ವಯಸ್ಸಿನದು. ದವಡೆ ಜೀವನಪೂರ್ತಿ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಯಾವ ಕ್ಲಿಪ್ಪೂ ಹಾಕಿಸದವರ ಕೆಳಗಿನ ಮುಂದಿನ ಹಲ್ಲು ಕೂಡ ಮೂವತ್ತು, ನಲವತ್ತರ ಹೊತ್ತಿಗೆ ಇಕ್ಕಟ್ಟಾಗುತ್ತವೆ. ನಿಮ್ಮ ಮನೆಯಲ್ಲೇ ಹಿರಿಯರ ಹಲ್ಲು ನೋಡಿ, ಮದುವೆ ಫೋಟೋ ಪಕ್ಕ ಇಟ್ಟು ನೋಡಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಜೊತೆಗಾರರು 1981ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡು, ರಿಟೇನರ್ ಬಿಟ್ಟು 10 ವರ್ಷ ಕಳೆದ 65 ಜನರ ಹಲ್ಲನ್ನು ಅವರು ಅಳೆದರು. ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂಭಾಗ ಒಪ್ಪುವ ಹಾಗೆ ಉಳಿದಿರಲಿಲ್ಲ. ಯಾರದ್ದು ಉಳಿಯುತ್ತದೆ, ಯಾರದ್ದು ಕೆಡುತ್ತದೆ ಅಂತ ಮೊದಲೇ ಹೇಳುವ ದಾರಿಯೂ ಅವರಿಗೆ ಸಿಗಲಿಲ್ಲ. ಅದಕ್ಕೇ ಎಲ್ಲರಿಗೂ ಹೇಳಬೇಕಾಗುತ್ತದೆ.

ಬುದ್ಧಿ ಹಲ್ಲು ಮುಂದಿನದನ್ನು ತಳ್ಳುತ್ತದೆ, ಅದನ್ನು ಕೀಳಿಸಿದರೆ ರಿಟೇನರ್ ಬೇಡ ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಅದು ಸರಿಯಲ್ಲ. ಬುದ್ಧಿ ಹಲ್ಲೇ ಹುಟ್ಟದವರಲ್ಲೂ ಇಕ್ಕಟ್ಟು ಬರುತ್ತದೆ. ಅದನ್ನು ಕೀಳಿಸಲು ಬೇರೆ ಕಾರಣ ಇರಬಹುದು, ಇದೊಂದೇ ಕಾರಣಕ್ಕೆ ಕೀಳಿಸಬೇಡಿ.

ಖರ್ಚಿನ ಬಗ್ಗೆ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಚಿಕಿತ್ಸೆ ಶುರು ಮಾಡುವ ಮುಂಚೆಯೇ ರಿಟೇನರ್ ದರವನ್ನೂ ಹೇಳಬೇಕು, ಅದು ಡಾಕ್ಟರ ಕೆಲಸ. ಎಷ್ಟು ಜೊತೆ ಆ ದುಡ್ಡಿನಲ್ಲೇ ಬರುತ್ತದೆ, ಒಡೆದರೆ ಎಷ್ಟು ಕೊಡಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ರಿಟೇನರ್ ಖರ್ಚು ಮತ್ತೆ ಅಲೈನರ್ ಹಾಕಿಸುವ ಖರ್ಚಿಗೆ ಹೋಲಿಸಿದರೆ ತೀರಾ ಕಡಿಮೆ.

ಭೀಮಾ ದಂಡೆ

ಮದುವೆ ಫೋಟೋ ಮಾತು ಕೇಳಿ ನನ್ನದನ್ನೇ ತೆಗೆದು ನೋಡಿದೆ ಮೇಡಂ. ನೀವು ಹೇಳಿದ್ದು ಖರೆ. ಮಗನಿಗೆ ಇವತ್ತೇ ಹೇಳುತ್ತೇನೆ. ಆದರೆ ದರ ಮೊದಲೇ ಹೇಳಬೇಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ನಮಗೆ ಯಾರೂ ಹೇಳಲಿಲ್ಲ.

ಸೂಪರ್ ಮಾರ್ಕೆಟ್ ನಿವಾಸಿ

ಮೂಲ ಪ್ರಶ್ನೆಗೆ ಬರೋಣ. ಹೈದರಾಬಾದಿಗೆ ಹೋಗುವುದೇನೂ ಬೇಡ ಅಕ್ಕ. ಕಲಬುರಗಿಯಲ್ಲೇ ದಂತ ಕಾಲೇಜುಗಳಿವೆ. ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ ದಂತ ಕಾಲೇಜು, ಅಲ್ ಬದರ್, ಇಎಸ್‌ಐ ಕಾಲೇಜು ಇವೆ. ಬೀದರ್‌ನವರಿಗೆ ಎಸ್.ಬಿ. ಪಾಟೀಲ ದಂತ ಕಾಲೇಜು ಇದೆ. ದಂತ ಕಾಲೇಜು ಅಂದ ಮೇಲೆ ಆರ್ಥೊಡಾಂಟಿಕ್ಸ್ ವಿಭಾಗ ಇರಲೇಬೇಕು. ಊರಲ್ಲಿ ಸ್ವಂತ ಕ್ಲಿನಿಕ್ ಇಟ್ಟ ಆರ್ಥೊಡಾಂಟಿಸ್ಟರೂ ಇದ್ದಾರೆ. ಬಿಡಿಎಸ್ ಆದ ಮೇಲೆ ಮೂರು ವರ್ಷ ಇದನ್ನೇ ಓದಿ ಎಂಡಿಎಸ್ ಮಾಡಿದವರಾ ಅಂತ ಕೇಳಿಕೊಂಡು ಹೋಗಿ.

ನನ್ನದು ಒಡೆದಾಗ ಇಲ್ಲೇ ಮಾಡಿಸಿದೆ. ಲ್ಯಾಬ್ ಹುಡುಗ ಪರಿಚಯದವನು, ಒಳಗೆ ಕರೆದು ತೋರಿಸಿದ. ಮೊದಲು ಬಾಯಿಯ ಅಳತೆ ತೆಗೆದು ಬಿಳಿ ಪ್ಲಾಸ್ಟರಿನಲ್ಲಿ ನನ್ನ ಹಲ್ಲಿನ ಅಚ್ಚು ಎರೆದಿದ್ದರು. ಆ ಅಚ್ಚನ್ನು ಯಂತ್ರದ ಕೆಳಗಿನ ತಟ್ಟೆಯ ಮೇಲಿಟ್ಟ. ಮೇಲೆ ಚೌಕಟ್ಟಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ. ಹೀಟರ್ ಹಾಕಿದ ಸ್ವಲ್ಪ ಹೊತ್ತಿಗೆ ಹಾಳೆ ಮೆತ್ತಗಾಗಿ ನಡುವೆ ಕೆಳಗೆ ಜೋತು ಬಿತ್ತು. ಆಗ ಚೌಕಟ್ಟನ್ನು ಸರಕ್ಕನೆ ಕೆಳಗಿಳಿಸಿ ಗಾಳಿ ಎಳೆಯುವ ಸ್ವಿಚ್ ಒತ್ತಿದ. ಹಾಳೆ ಹಲ್ಲಿನ ಸಂದಿ ಸಂದಿಗೂ ಕೂತುಬಿಟ್ಟಿತು. ಆರಿದ ಮೇಲೆ ಅಂಚು ಕತ್ತರಿಸಿ, ನಾಲಿಗೆಗೆ ತಾಗುವ ಕಡೆ ಉಜ್ಜಿ ನಯ ಮಾಡಿದ. ಇಷ್ಟೇ ಕೆಲಸ. ಯಾವ ಊರಲ್ಲಾದರೂ ಆಗುತ್ತದೆ.

ಬೀದರ್ ದಂತವೈದ್ಯೆ

ಚೆನ್ನಾಗಿ ವಿವರಿಸಿದಿರಿ. ಈ ಬಗೆಯನ್ನು ಎಸ್ಸಿಕ್ಸ್ ರಿಟೇನರ್ ಅನ್ನುತ್ತಾರೆ, 1993ರಿಂದ ಬಳಕೆಗೆ ಬಂತು. ಮಾಡಿಸುವಾಗ ಒಂದು ಗಮನಿಸಿ. ಅದು ಕೊನೆಯ ದವಡೆ ಹಲ್ಲಿನವರೆಗೂ ಮುಚ್ಚಬೇಕು. ಮುಂದಿನ ಹಲ್ಲಿಗೆ ಮಾತ್ರ ಹಾಕಿದರೆ ಹಿಂದೆ ಬಿಟ್ಟ ಹಲ್ಲು ನಿಧಾನಕ್ಕೆ ಮೇಲೇಳಬಹುದು. ಆಮೇಲೆ ಬಾಯಿ ಮುಚ್ಚಿದಾಗ ಮುಂದಿನ ಹಲ್ಲು ಒಂದಕ್ಕೊಂದು ತಾಗುವುದೇ ಇಲ್ಲ.

ಇನ್ನೊಂದು, ಇದನ್ನು ಎಲ್ಲರೂ ಓದಿ. ಅಲೈನರ್ ಮುಗಿದಾಗ ಬಾಯಿಯ ಕೊನೆಯ ಸ್ಕ್ಯಾನ್ ಮಾಡುತ್ತಾರೆ. ಆ ಫೈಲ್ ಕೇಳಿ ಪಡೆಯಿರಿ, ಎಸ್‌ಟಿಎಲ್ ಫೈಲ್ ಅನ್ನುತ್ತಾರೆ. ಮೇಲ್‌ಗೆ ಕಳಿಸಿ ಅಂದರೆ ಸಾಕು. ಅದು ಕೈಯಲ್ಲಿದ್ದರೆ ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚು ತೆಗೆದು, ಹಲ್ಲು ಸರಿಯಾಗಿದ್ದ ದಿನದ ಅಳತೆಗೇ ರಿಟೇನರ್ ಮಾಡಿಕೊಡಬಹುದು. ಆ ಫೈಲ್ ಇಲ್ಲದಿದ್ದರೆ ಇವತ್ತು ಹಲ್ಲು ಹೇಗಿದೆಯೋ ಆ ಅಳತೆಗೇ ಮಾಡಬೇಕಾಗುತ್ತದೆ. ಹೈದರಾಬಾದ್, ಬೆಂಗಳೂರು, ಪುಣೆಯಲ್ಲಿ ಮಾಡಿಸಿ ಊರಿಗೆ ಬರುವವರು ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಯಲ್ಲೂ ತುಂಬಾ ಜನ ಇದ್ದಾರೆ. ಅವರಿಗೆ ಇದಕ್ಕಿಂತ ಮುಖ್ಯವಾದ ಮಾತು ನನ್ನ ಹತ್ತಿರ ಬೇರೆ ಇಲ್ಲ.

ಸೇಡಂ ರೋಡ್ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಫೈಲ್ ಕೇಳಿ ಈಗಲೇ ಮೇಲ್ ಹಾಕಿದೆ. ಹೊಸದು ಸಿಗುವ ತನಕ ಸೀಳಿದ್ದನ್ನೇ ಹಾಕಿಕೊಳ್ಳಲಾ ಮೇಡಂ? ಕೊನೆಯ ಅಲೈನರ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇನ್ನೊಂದು, ಕೆಳಗಿನ ಹಲ್ಲಿನ ಹಿಂದೆ ಪರ್ಮನೆಂಟ್ ತಂತಿ ಅಂಟಿಸಿಕೊಳ್ಳಿ ಅಂತಲೂ ಅಂದಿದ್ದರು, ಅದು ಒಳ್ಳೇದಾ?

ಬೀದರ್ ದಂತವೈದ್ಯೆ

ಕೊನೆಯ ಅಲೈನರ್ ಎಸೆಯದೇ ಇಟ್ಟಿದ್ದು ಬಹಳ ಒಳ್ಳೇದು. ಅದೇ ಹಾಕಿಕೊಳ್ಳಿ. ಅದು ರಿಟೇನರಿನಷ್ಟು ಬಾಳಿಕೆ ಬರುವುದಿಲ್ಲ, ಆದರೆ ಕೆಲವು ದಿನಕ್ಕೆ ಸಾಕು. ಸ್ವಲ್ಪ ಬಿಗಿ ಅನಿಸಿದರೆ ಹೆದರಬೇಡಿ, ಹಲ್ಲು ಚೂರು ಸರಿದಿದೆ ಅಂತ ಅರ್ಥ. ಒಂದೆರಡು ದಿನ ಹಗಲೂ ಹಾಕಿದರೆ ಕೂರುತ್ತದೆ. ಪೂರ್ತಿ ಕೂರದೆ ಮೇಲೆ ಸಂದಿ ಕಂಡರೆ ಮಾತ್ರ ಕಚ್ಚಿ ಒತ್ತಿ ಕೂರಿಸಬೇಡಿ. ಡಾಕ್ಟರಿಗೆ ತೋರಿಸಿ.

ಶಹಾಪುರದ ಅಕ್ಕ

ತಂತಿ ಬಗ್ಗೆ ನಾನು ಹೇಳುತ್ತೇನೆ, ನನಗೆ ಅದೇ ಇದೆ. ಕೆಳಗೆ ಈ ಕೋರೆ ಹಲ್ಲಿನಿಂದ ಆ ಕೋರೆ ಹಲ್ಲಿನವರೆಗೆ ಹಿಂಬದಿ ಸಣ್ಣ ಹೆಣೆದ ತಂತಿ, ಹಲ್ಲಿನ ಬಣ್ಣದ ಅಂಟಿನಿಂದ ಹಿಡಿಸಿದ್ದಾರೆ. ಹೊರಗೆ ಕಾಣುವುದಿಲ್ಲ, ರಾತ್ರಿ ಹಾಕಬೇಕು ಅನ್ನುವ ನೆನಪು ಬೇಡ. ಅದೊಂದು ದೊಡ್ಡ ನೆಮ್ಮದಿ.

ಆದರೆ ತೊಳೆಯುವುದು ಕೆಲಸ. ಸಾದಾ ಫ್ಲಾಸ್ ಮೇಲಿಂದ ಇಳಿಯುವುದಿಲ್ಲ, ತಂತಿ ಅಡ್ಡ. ಸೂಜಿಯಂಥ ತುದಿ ಇರುವ ಫ್ಲಾಸ್ ಸಿಗುತ್ತದೆ, ಅದನ್ನು ತಂತಿಯ ಕೆಳಗಿಂದ ಪೋಣಿಸಬೇಕು. ಇಲ್ಲವಾದರೆ ಹಲ್ಲು ಸಂದಿಯ ಸಣ್ಣ ಬ್ರಷ್. ಬಿಟ್ಟರೆ ಅಲ್ಲಿ ಗಾರೆ ಕಟ್ಟುತ್ತದೆ, ಒಸಡಿನಿಂದ ರಕ್ತ ಬರುತ್ತದೆ. ತಿನ್ನುವುದರಲ್ಲೂ ಜೋಪಾನ. ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಮ್ಮ ಮನೆಯಲ್ಲಿ ಬಿಡುವ ಮಾತೇ ಇಲ್ಲ. ಮುಂದಿನ ಹಲ್ಲಿನಿಂದ ಕಡಿಯುವುದಿಲ್ಲ, ಕೈಯಲ್ಲಿ ಮುರಿದು ಪಲ್ಯಕ್ಕೆ ಅದ್ದಿ ದವಡೆಗೆ ಹಾಕಿಕೊಳ್ಳುತ್ತೇನೆ. ಕಬ್ಬು ಸಿಗಿಯುವುದು ಪೂರ್ತಿ ಬಂದ್. ಪೇರಲ ಹಣ್ಣು ಹೆಚ್ಚಿಕೊಂಡು ತಿನ್ನುತ್ತೇನೆ.

ಬೀದರ್ ದಂತವೈದ್ಯೆ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಂತಿ ಒಂದು ಹಲ್ಲಿನಿಂದ ಬಿಟ್ಟುಕೊಂಡರೂ ಗೊತ್ತೇ ಆಗದಿರಬಹುದು. ಉಳಿದ ಹಲ್ಲು ಅದನ್ನು ಹಿಡಿದಿರುತ್ತವೆ, ಬಿಟ್ಟ ಹಲ್ಲು ಮಾತ್ರ ಸರಿಯುತ್ತಾ ಹೋಗುತ್ತದೆ. ಅಪರೂಪಕ್ಕೆ ತಂತಿಯೇ ಬಾಗಿ ಹಲ್ಲನ್ನು ತಿರುಗಿಸುವುದೂ ಉಂಟು. ಹಾಗಾಗಿ ತಂತಿ ಇದ್ದವರು ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿ, ಜೊತೆಗೆ ಕ್ಲೀನಿಂಗ್ ಕೂಡ ಆಗುತ್ತದೆ. ಪ್ಲಾಸ್ಟಿಕ್ಕಾ ತಂತಿಯಾ ಅಂದರೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯಲ್ಲೂ ಒಂದೇ ಬಗೆಯನ್ನು ಎತ್ತಿ ಹಿಡಿಯುವಷ್ಟು ಗಟ್ಟಿ ಪುರಾವೆ ಸಿಕ್ಕಿಲ್ಲ. ಕೆಳಗೆ ಇಕ್ಕಟ್ಟು ಜಾಸ್ತಿ ಇತ್ತು ಅಂದಿರಿ. ನಾನಾದರೆ ಕೆಳಗೆ ತಂತಿ ಹಾಕಿ, ಅದರ ಮೇಲೆ ರಾತ್ರಿ ರಿಟೇನರನ್ನೂ ಕೊಡುತ್ತೇನೆ. ಒಸಡು ಗಟ್ಟಿ ಇಲ್ಲದವರಿಗೆ, ಬ್ರಷ್ ಮಾಡಲು ಬೇಸರ ಪಡುವ ಹುಡುಗರಿಗೆ ತಂತಿ ಹಾಕಲು ಹಿಂದೆ ಮುಂದೆ ನೋಡುತ್ತೇನೆ.

ಜಗತ್ ವೃತ್ತ

ನನ್ನದು ಪಾರದರ್ಶಕದ್ದೇ, ಆದರೆ ತಿಂಗಳೊಳಗೆ ಮಬ್ಬಾಗಿ ಬೆಳ್ಳಗಾಗಿದೆ. ಪೇಸ್ಟ್ ಹಾಕಿ ಉಜ್ಜಿದರೂ ಹೋಗುತ್ತಿಲ್ಲ. ವಾಸನೆಯೂ ಬರುತ್ತದೆ. ಏನು ಮಾಡಲಿ?

ಸೂಪರ್ ಮಾರ್ಕೆಟ್ ನಿವಾಸಿ

ಮನೆಯಲ್ಲಿ ಬೋರ್ ನೀರಾ ಅಣ್ಣ? ನಮ್ಮ ಓಣಿಯ ಬೋರ್ ನೀರಿನಲ್ಲಿ ಪಾತ್ರೆಗೂ ಬಿಳಿ ಪದರ ಕಟ್ಟುತ್ತದೆ, ನಲ್ಲಿ ಬಾಯಿಗೂ ಕಟ್ಟುತ್ತದೆ. ರಿಟೇನರಿಗೂ ಅದೇ. ನಾನು ಫಿಲ್ಟರ್ ನೀರಿನಲ್ಲಿ ತೊಳೆಯಲು ಶುರು ಮಾಡಿದ ಮೇಲೆ ಕಮ್ಮಿಯಾಯಿತು. ಕಟ್ಟಿದ್ದನ್ನು ತೆಗೆಯಲು ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, 15 ನಿಮಿಷ ಮುಳುಗಿಸಿಟ್ಟು, ಮೆತ್ತನೆ ಬ್ರಷ್‌ನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ.

ಬೀದರ್ ದಂತವೈದ್ಯೆ

ಪೇಸ್ಟ್ ಬೇಡವೇ ಬೇಡ. ಅದರಲ್ಲಿರುವ ಸಣ್ಣ ಪುಡಿ ಪ್ಲಾಸ್ಟಿಕ್ ಮೇಲೆ ಗೀರು ಹಾಕುತ್ತದೆ. ಆ ಗೀರಿನಲ್ಲೇ ಕೊಳೆ ಕೂತು ವಾಸನೆ ಬರುವುದು. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಸಾದಾ ಸೋಪು, ತಣ್ಣೀರು, ಇದಕ್ಕೆ ಬೇರೆಯದೇ ಇಟ್ಟ ಮೆತ್ತನೆ ಬ್ರಷ್. ಬೆಳಿಗ್ಗೆ ತೆಗೆದ ತಕ್ಷಣ ತೊಳೆಯಿರಿ, ಒಣಗಿದ ಮೇಲೆ ಕೊಳೆ ಬಿಡುವುದಿಲ್ಲ. ವಾರಕ್ಕೊಮ್ಮೆ ರಿಟೇನರ್ ತೊಳೆಯುವ ಮಾತ್ರೆ ಹಾಕಬಹುದು, ಮೆಡಿಕಲ್‌ನಲ್ಲಿ ಸಿಗುತ್ತದೆ. ಬಿಸಿ ನೀರು ಮಾತ್ರ ಬೇಡ, ಆಕಾರ ಕೆಡುತ್ತದೆ. ಬಾಯಲ್ಲಿ ಹಾಕಿಕೊಂಡು ಚಹಾ ಕುಡಿಯುವುದೂ ಅದೇ ಕಾರಣಕ್ಕೆ ಬೇಡ. ಬಿಸಿ ಅಷ್ಟೇ ಅಲ್ಲ, ಸಕ್ಕರೆ ಒಳಗೆ ಸಿಕ್ಕಿಕೊಂಡು ಹಲ್ಲಿಗೆ ಹುಳುಕು ಹಿಡಿಸುತ್ತದೆ. ಹಾಕಿಕೊಂಡಾಗ ಬರೀ ನೀರು.

ಹುಮನಾಬಾದ್ ಕಾಕಾ

ನಮ್ಮ ಕಡೆ ಬಿಸಿಲಿನ ಮಾತೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕೇಳಬೇಡಿ. ನಮ್ಮ ಅಳಿಯಂದಿರು ಬಸವಕಲ್ಯಾಣಕ್ಕೆ ಹೋಗಿ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡ್ ಮೇಲಿನ ಡಬ್ಬಿಯೊಳಗೇ ಅದು ಸೊಟ್ಟಗಾಗಿತ್ತು. ಡಬ್ಬಿಯನ್ನು ಕೈಚೀಲದಲ್ಲಿ ಜೊತೆಗೇ ಇಟ್ಟುಕೊಳ್ಳಿ.

ಇನ್ನು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ, ಮದುವೆ ಪಂಕ್ತಿಯಲ್ಲಿ ಕೂತಾಗ, ಹುಡುಗರು ಅದನ್ನು ಕಾಗದದಲ್ಲಿ ಸುತ್ತಿ ಎಲೆ ಪಕ್ಕ ಇಡುತ್ತಾರೆ. ಎಲೆ ಎತ್ತುವವರು ಅದನ್ನೂ ಎತ್ತಿಕೊಂಡು ಹೋಗುತ್ತಾರೆ. ನಾಯಿಗೆ ಸಿಕ್ಕರೆ ಅಗಿದು ಹಾಕುತ್ತದೆ. ಬಾಯಿಂದ ತೆಗೆದರೆ ಡಬ್ಬಿಗೆ, ಡಬ್ಬಿಯಿಂದ ಬಾಯಿಗೆ. ನಡುವೆ ಬೇರೆ ಜಾಗ ಬೇಡ ಅಂತ ಮಕ್ಕಳಿಗೆ ಹೇಳಿ.

ಯಾದಗಿರಿ ಡಿಗ್ರಿ ವಿದ್ಯಾರ್ಥಿ

ಮನೆಗೇ ಕಿಟ್ ಕಳಿಸಿ, ನಾವೇ ಅಳತೆ ತೆಗೆದು ಕಳಿಸಿದರೆ ಅಲೈನರ್ ಮಾಡಿಕೊಡುವವರಿದ್ದಾರಲ್ಲ, ಕಮ್ಮಿ ದುಡ್ಡಿಗೆ ಆಗುತ್ತದೆ. ತಗೊಳ್ಳಬಹುದಾ?

ಬೀದರ್ ದಂತವೈದ್ಯೆ

ತಮ್ಮಾ, ಬೇಡ. ಎಕ್ಸ್‌ರೇ ತೆಗೆದು ಬೇರು, ಮೂಳೆ, ಒಸಡು ನೋಡದೆ ಹಲ್ಲು ಸರಿಸಬಾರದು. ಒಸಡಿನ ರೋಗ ಇದ್ದವರಿಗೆ ಹಲ್ಲೇ ಅಲ್ಲಾಡಲು ಶುರುವಾಗಬಹುದು. ಮತ್ತೆ ಈ ಚರ್ಚೆಯ ವಿಷಯಕ್ಕೇ ಬಂದರೆ, ಮುಗಿದ ಮೇಲೆ ರಿಟೇನರ್ ನೋಡಿಕೊಳ್ಳುವವರು ಯಾರು? ಅಮೆರಿಕದಲ್ಲಿ ಹೀಗೆ ಮನೆಗೇ ಕಳಿಸುತ್ತಿದ್ದ ದೊಡ್ಡ ಕಂಪನಿ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರು ಅಲ್ಲೇ ಕೈಬಿಟ್ಟು ಹೋದರು. ದುಡ್ಡಿನ ತೊಂದರೆ ಇದ್ದರೆ ದಂತ ಕಾಲೇಜಿಗೆ ಹೋಗಿ ಕೇಳು. ತಂತಿ ಕ್ಲಿಪ್‌ಗೆ ಅಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಮ್ಮಿ ಆಗುತ್ತದೆ. ಡಾಕ್ಟರು ಎದುರಿಗೇ ಇರುತ್ತಾರೆ.

ಆಳಂದ ಮೇಷ್ಟ್ರು

ಮೇಡಂ, ನನ್ನಂಥವರಿಗೆ ಈಗ ರಿಟೇನರ್ ಹಾಕಿದರೆ ಕೆಳಗಿನ ಹಲ್ಲು ವಾಪಸ್ ನೇರ ಆಗುತ್ತವಾ?

ಬೀದರ್ ದಂತವೈದ್ಯೆ

ಇಲ್ಲ ಸರ್. ರಿಟೇನರ್ ಇದ್ದ ಜಾಗದಲ್ಲೇ ಹಿಡಿದಿಡುತ್ತದೆ, ಸರಿಸುವುದಿಲ್ಲ. ಹಳೆಯ ಪ್ಲೇಟ್ ಬಾಯಿಗೆ ಒತ್ತಿ ಕೂರಿಸಲು ಹೋಗಬೇಡಿ, ಒಸಡಿಗೆ ಗಾಯವಾಗುತ್ತದೆ. ನಾಲ್ಕು ಹಲ್ಲಿನ ಇಕ್ಕಟ್ಟು ಮಾತ್ರ ಅಂದರೆ ಕೆಲವೇ ಅಲೈನರ್‌ಗಳಲ್ಲಿ ಸರಿ ಹೋಗಬಹುದು. ಮೊದಲು ಒಸಡು ತೋರಿಸಿ. ನಿಮಗೆ ನೋಟಕ್ಕೆ ತೊಂದರೆ ಇಲ್ಲ, ಬ್ರಷ್ ಚೆನ್ನಾಗಿ ಆಡುತ್ತದೆ ಅಂದರೆ ಈಗಿನ ಹಲ್ಲಿಗೇ ಒಂದು ರಾತ್ರಿ ರಿಟೇನರ್ ಮಾಡಿಸಿಕೊಳ್ಳಿ. ಇನ್ನೂ ಕೆಡದ ಹಾಗೆ ನಿಲ್ಲುತ್ತದೆ.

ಸೇಡಂ ರೋಡ್ ಹುಡುಗಿ

ಹೈದರಾಬಾದಿನಿಂದ ಫೈಲ್ ಬಂತು! ಇಲ್ಲಿನ ಆರ್ಥೊಡಾಂಟಿಸ್ಟ್ ಹತ್ತಿರ ನಾಳೆ ಸಂಜೆಗೆ ಸಮಯ ಸಿಕ್ಕಿದೆ. ಮೇಲಿನದು ಎರಡು ಮಾಡಿಸೋಣ ಅಂತಿದ್ದೇನೆ, ಒಂದು ಒಡೆದರೆ ಇನ್ನೊಂದು ಇರಲಿ. ಮೇಡಂ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ ಅಂತ ತಂಗಿ ಹೇಳುತ್ತಾಳೆ. ಸೀಳಿದ್ದು ಅದಕ್ಕೇ ಇರಬಹುದಾ?

ಬೀದರ್ ದಂತವೈದ್ಯೆ

ಇರಬಹುದು. ಹಿಂದಿನ ದವಡೆ ಹತ್ತಿರವೇ ಸೀಳಿದೆ ಅಂದಿರಿ, ಕಡಿಯುವವರದ್ದು ಸಾಮಾನ್ಯವಾಗಿ ಅಲ್ಲೇ ಹೋಗುತ್ತದೆ. ಸೀಳಿದ್ದನ್ನು ಎಸೆಯಬೇಡಿ, ನಾಳೆ ಜೊತೆಗೆ ಒಯ್ದು ತೋರಿಸಿ. ಸವೆತದ ಗುರುತು ಅದರ ಮೇಲೇ ಕಾಣುತ್ತದೆ. ಅದನ್ನು ನೋಡಿ ಸ್ವಲ್ಪ ದಪ್ಪ ಹಾಳೆಯಲ್ಲಿ ಮಾಡಿಕೊಡಿ ಅಂತ ಕೇಳಿ.